ಏನು ಉಂಡ್ರಿ, ಎಷ್ಟು ತಾಸು ಮಕ್ಕೊಂಡ್ರಿ?

ಪಗಾರ ಎಷ್ಟು ಅಂತ ಕೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ, ವಯಸ್ಸು ಎಷ್ಟು ಅಂತ ಕೇಳಿದರೆ ಮಾತು ಮರೆಸುತ್ತಾರೆ. ಆದರೆ ನಿನ್ನೆ ಏನು ಉಂಡ್ರಿ, ಎಷ್ಟು ತಾಸು ಮಲಗಿದ್ರಿ ಅಂತ ಕೇಳಿ ನೋಡಿ, ಏನಾದರೊಂದು ಪ್ರಸಂಗ ಆಗದೆ ನೀವು ಆ ಮನೆಯ ಹೊಸ್ತಿಲು ದಾಟಿ ಹೊರಗೆ ಬರುವುದಿಲ್ಲ. ಎರಡು ವರ್ಷ ನನ್ನ ಹೊಟ್ಟೆ ತುಂಬಿಸಿದ್ದು ಈ ಎರಡು ಪ್ರಶ್ನೆಗಳೇ. ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಕಲಬುರಗಿಯವಳೇ. ಮೊದಲು ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದೆ. ಅಲ್ಲಿ ಪರಿಚಯವಾದ ಡಾಕ್ಟರ್ ಮೇಡಂ ಒಬ್ಬರು ಒಂದು ಸಂಶೋಧನೆ ಹಿಡಿದರು. ದೊಡ್ಡವರ ಊಟಕ್ಕೂ ನಿದ್ದೆಗೂ ಏನು ಸಂಬಂಧ, ಹೊತ್ತಾಗಿ ಉಂಡವರು ಕಡಿಮೆ ಮಲಗುತ್ತಾರೋ, ಹೊಟ್ಟೆ ಬಿರಿಯ ಉಂಡವರು ಹೆಚ್ಚು ಮಲಗುತ್ತಾರೋ, ಇಂಥವನ್ನೆಲ್ಲ ತಿಳಿಯಬೇಕಾಗಿತ್ತು. ಕಲಬುರಗಿಯ ಕೆಲವು ಓಣಿ, ಆಮೇಲೆ ಕಮಲಾಪುರ. ಮನೆಮನೆಗೆ ಹೋಗಿ ಫಾರಂ ತುಂಬಲು ಒಬ್ಬರು ಬೇಕಿತ್ತು. “ನೀವು ಮಾತು ಭಾಳ ಆಡ್ತೀರಿ, ನೀವೇ ಬರ್ರಿ” ಅಂತ ನನ್ನನ್ನು ಕರೆದರು. ಅದು ಹೊಗಳಿಕೆಯೋ ಬೈಗುಳವೋ ಇವತ್ತಿನವರೆಗೂ ನನಗೆ ಬಗೆಹರಿದಿಲ್ಲ.

ನಿಯಮ ಎರಡೇ. ಮನೆಯ ಪ್ರತಿಯೊಬ್ಬ ದೊಡ್ಡವರನ್ನೂ ಬೇರೆಬೇರೆ ಕೂಡಿಸಿಕೊಂಡು ಕೇಳಬೇಕು. ಅವರು ಏನು ಹೇಳುತ್ತಾರೋ ಅದನ್ನೇ ಬರೆಯಬೇಕು, ಬುದ್ಧಿ ಹೇಳಲು ಹೋಗಬಾರದು.

ಬಟ್ಟಲಿನ ವ್ಯಾಪಾರ

ಊಟದ ಅಳತೆ ಗೊತ್ತಾಗಲಿ ಅಂತ ಮೇಡಂ ನನಗೊಂದು ಚೀಲ ಕೊಟ್ಟಿದ್ದರು. ಅದರಲ್ಲಿ ಮೂರು ಅಳತೆಯ ಸ್ಟೀಲ್ ಬಟ್ಟಲು, ಎರಡು ಚಮಚ, ಒಂದು ಲೋಟ, ರೊಟ್ಟಿಯ ಗಾತ್ರ ತೋರಿಸಲು ದುಂಡಗೆ ಕತ್ತರಿಸಿದ ಮೂರು ರಟ್ಟು. ಚೀಲ ಹೆಗಲಿಗೆ ಹಾಕಿಕೊಂಡು ನಡೆದರೆ ಗಣಗಣ ಸದ್ದು.

ಮೊದಲನೇ ದಿನ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಗೆ ಹೋದೆ. ಒಂದು ಮನೆಯ ಕಟ್ಟೆಯ ಮೇಲೆ ಚೀಲ ಬಿಚ್ಚಿ ಬಟ್ಟಲು ಸಾಲಾಗಿ ಇಟ್ಟು, “ಯವ್ವಾ, ಜರಾ ಮಾತಾಡೋದಿತ್ತು” ಅಂದೆ. ಆ ಮನೆಯಾಕೆ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು, “ಕೂಡ್ರಿ, ಬಂದೆ” ಅಂತ ಒಳಗೆ ಓಡಿದಳು. ಎಷ್ಟು ಒಳ್ಳೆಯ ಜನ, ಚಹಾ ತರುತ್ತಾಳೆ ಅಂದುಕೊಂಡೆ. ಹೊರಗೆ ಬಂದಾಗ ಅವಳ ಕೈಯಲ್ಲಿ ಗಂಡನ ಎರಡು ಹಳೆಯ ಪ್ಯಾಂಟು, ಒಂದು ಜರಿ ಹೋದ ಸೀರೆ.

“ಈ ದೊಡ್ಡ ಬಟ್ಟಲಕ್ಕ ಈ ಎರಡು ಪ್ಯಾಂಟ್ ಸಾಕಲ್ಲ? ಜಿಪ್ ಬರಾಬರ್ ಅವ, ನೋಡ್ರಿ,” ಅಂತ ಎಳೆದು ತೋರಿಸಿದಳು.

ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಅಂತ ತಿಳಿದಿದ್ದಾಳೆ! ನಾನು ವಿವರಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ಒಂದು ಕಂಬಳಿ ಹೊತ್ತು ಬಂದಳು, ಎದುರಿನಾಕೆ ಪರದೆ ಬಿಚ್ಚತೊಡಗಿದಳು. ನನ್ನ ಬಟ್ಟಲು ಮೂರೇ. ಚಮಚದ ಸಲುವಾಗಿ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು ಎದ್ದು ನಿಂತು, “ಅವ್ವಗೋಳ್ರಾ, ನಾ ಭಾಂಡಿ ಮಾರೋಕಿ ಅಲ್ಲ. ನೀವು ಏನ್ ಉಂಡ್ರಿ, ಎಷ್ಟು ತಾಸು ಮಕ್ಕೊಂಡ್ರಿ ಅಂತ ಕೇಳ್ಕೊಂಡು ಹೋಗ್ಲಿಕ್ಕೆ ಬಂದೀನಿ” ಅಂದೆ.

ಪ್ಯಾಂಟಿನಾಕೆ ಪ್ಯಾಂಟು ಮಡಚುತ್ತ ಅಂದಳು, “ಹಳೀ ಅರಬಿ ಬ್ಯಾಡ, ಭಾಂಡಿ ಕೊಡಂಗಿಲ್ಲ, ಬರೀ ನಮ್ಮ ನಿದ್ದಿ ಒಯ್ತಿ. ಯವ್ವಾ, ಈ ಧಂದಾದಾಗ ನಿನಗೇನ್ ಗಿಟ್ಟತದ?”

ಹಗಲು ಮಲಗದ ಮಾಸ್ತರರು

ಅದೇ ಭಾಗದಲ್ಲಿ ಒಬ್ಬರು ರಿಟೈರ್ ಆದ ಹೆಡ್ ಮಾಸ್ತರರಿದ್ದರು. ನಾನು ಹೋದಾಗ ಮಧ್ಯಾಹ್ನ ಎರಡೂವರೆ. ಮನೆಯಲ್ಲಿ ಹಬ್ಬದ ಊಟ ಆಗಿತ್ತು. ಮಾಸ್ತರರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಪೇಪರ್ ಹಿಡಿದು ಕೂತಿದ್ದರು. ಊಟದ ಲೆಕ್ಕ ಬಹಳ ಶಿಸ್ತಿನಿಂದ ಕೊಟ್ಟರು: ಹೋಳಿಗೆ ನಾಲ್ಕು, ಮೇಲೆ ತುಪ್ಪ, ಕಟ್ಟಿನ ಸಾರು ಅನ್ನ, ಭಜಿ ಏಳೆಂಟು, ಕೊನೆಗೆ ಮಜ್ಜಿಗೆ. ನಾನು ಮುಂದಿನ ಪ್ರಶ್ನೆ ಕೇಳಿದೆ.

“ಸರ್, ಹಗಲು ಮಲಗೋ ರೂಢಿ ಅದೇನ್ರಿ?”

ಮಾಸ್ತರರು ನೆಟ್ಟಗೆ ಕೂತರು. ಅವಮಾನವಾದ ಹಾಗೆ ಕಂಡಿತು. “ನೋಡು ತಂಗಿ, ಮೂವತ್ನಾಲ್ಕು ವರ್ಷ ಸಾಲಿ ನಡಸೀನಿ. ಮಧ್ಯಾಹ್ನದ ಪಿರಿಯಡ್‌ನಾಗ ತೂಕಡಸೋ ಮಾಸ್ತರರಿಗೆ ನೋಟಿಸ್ ಕೊಟ್ಟಾಂವ ನಾ. ಹಗಲ ಮಕ್ಕೊಳ್ಳೋದು ನನ್ನ ರಕ್ತದಾಗೇ…”

ಅಷ್ಟೇ. ಮಾತು ನಿಂತಿತು. ಏನೋ ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂತ ನಾನು ಪೆನ್ನು ಹಿಡಿದು ಕಾದೆ. ಪೇಪರ್ ಮೆಲ್ಲಗೆ ಜಾರಿ ಹೊಟ್ಟೆಯ ಮೇಲೆ ಬಿತ್ತು. ಗೊರಕೆ ಶುರುವಾಯಿತು.

ಅವರ ಹೆಂಡತಿ ಒಳಗಿನಿಂದ ಬಂದು ಬಾಯಿಗೆ ಬೆರಳಿಟ್ಟುಕೊಂಡರು. “ಎಬ್ಸಬ್ಯಾಡ್ರಿ. ಎಬ್ಸಿದ್ರ ‘ನಾ ಎಲ್ಲಿ ಮಕ್ಕೊಂಡಿದ್ದೆ’ ಅಂತ ಜಗಳ ತೆಗೀತಾರ. ಬರ್ರಿ, ಅಷ್ಟೊತ್ತಿಗೆ ನಂದು ಬರ್ಕೊಳ್ರಿ.” ಅವರ ಫಾರಂ ತುಂಬಿದೆ. ಅವರು ಚಹಾ ಮಾಡಿದರು, ಕುಡಿದೆವು. ಅವರ ತವರುಮನೆಯ ಸುದ್ದಿ ಪೂರ್ತಿ ಕೇಳಿದೆ. ಮತ್ತೆ ಬಂದು ಕುರ್ಚಿಯ ಎದುರು ಕೂತೆ. ಸುಮಾರು ಒಂದೂವರೆ ತಾಸಾಗಿರಬೇಕು, ಮಾಸ್ತರರು ಕಣ್ಣು ಬಿಟ್ಟು, ಪೇಪರ್ ಎತ್ತಿಕೊಂಡು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಹಿಡಿದರು.

“…ಇಲ್ಲ! ಬರ್ಕೋ.”

ಹೇಳಿದ್ದನ್ನೇ ಬರೆಯಬೇಕು ಅಂತ ನಿಯಮ. ಹಗಲು ನಿದ್ದೆ: ಇಲ್ಲ. ಬರೆದುಕೊಂಡೆ.

ಮಾಸ್ತರರು ಗೋಡೆಯ ಗಡಿಯಾರ ನೋಡಿ ಬೆಚ್ಚಿಬಿದ್ದರು. ಹೆಂಡತಿಯ ಕಡೆ ತಿರುಗಿ, ನನಗೆ ಕೇಳಬಾರದು ಅಂತ ದನಿ ತಗ್ಗಿಸಿ ಅಂದರು, “ನಾಲ್ಕು ಆಗ್ಯಾದಲ್ಲೇ! ಪಾಪ, ಹುಡುಗಿ ಚಲೋಕಿ. ಆದ್ರ ಮಾತು ಭಾಳ.”

ಹಗುರ ಊಟ

ನೆಹರು ಗಂಜ್ ಮಾರುಕಟ್ಟೆಯ ಒಂದು ತೊಗರಿ ಅಂಗಡಿ. ಧಣಿಗೆ ಐವತ್ತರ ಆಸುಪಾಸು. ಫಾರಂ ತುಂಬಲು ಕೂತಾಗ ಅವರ ಊಟ ಬರೆಯುವುದಕ್ಕೆ ಒಂದೇ ಸಾಲು ಸಾಕಾಯಿತು. ಮುಂಜಾನೆ ಓಟ್ಸ್ ಗಂಜಿ, ಮಧ್ಯಾಹ್ನ ಓಟ್ಸ್ ಗಂಜಿ, ಸಂಜೆ ಸೌತೆಕಾಯಿ. ನಿದ್ದೆ ಮೂರು ತಾಸು, ಅದೂ ಬಿಟ್ಟು ಬಿಟ್ಟು. ಮುಖ ನೋಡಿದರೆ ಪಾಪ ಅನಿಸುವ ಹಾಗಿತ್ತು.

“ಮಗಳು ಯಾವ್ದೋ ವಿಡಿಯೋ ನೋಡಿ ಇದು ಹಚ್ಯಾಳ್ರಿ ಮೇಡಂ. ಹಗುರ ಉಂಡ್ರ ನಿದ್ದಿನೂ ಹಗುರ ಬರ್ತದಂತ. ಭಾಳ ಹಗುರ ಆಗ್ಯಾದ್ರಿ, ಹಾರಿ ಹೋಗ್ಯಾದ.”

ಮುಂದಿನ ಪಾಳಿ ಆ ಅಂಗಡಿಯ ಹಮಾಲನದು. ಬೇರೆ ಕೂಡಿಸಬೇಕು ಅಂತ ನಿಯಮವಿದ್ದರೂ ಅಂಗಡಿಯಲ್ಲಿ ತೊಗರಿ ಚೀಲ ಬಿಟ್ಟರೆ ಬೇರೆ ಜಾಗವಿರಲಿಲ್ಲ, ಧಣಿ ಅಲ್ಲೇ ಕೂತಿದ್ದರು. ನಾನು ಮೂರು ರಟ್ಟು ಮುಂದಿಟ್ಟು, “ನಿಮ್ಮ ರೊಟ್ಟಿ ಯಾವ ಅಳತಿದು?” ಅಂದೆ. ಅವನು ಮೂರನ್ನೂ ತಿರುವಿ ನೋಡಿ ಪಕ್ಕಕ್ಕಿಟ್ಟ. “ನನ್ನ ಹೆಂಡ್ತಿ ಬಡಿಯೋ ರೊಟ್ಟಿ ಇದ್ರಾಗ ಇಲ್ರಿ ಅಕ್ಕೋರ. ಇವು ಸಣ್ಣ ಹುಡುಗರವು.” ದಿನಕ್ಕೆ ಅಂಥವು ಎಂಟು. ಜೊತೆಗೆ ಪುಂಡಿ ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ನಿದ್ದೆ ರಾತ್ರಿ ಏಳು ತಾಸು, ಮಧ್ಯಾಹ್ನ ಉಂಡ ಮೇಲೆ ಚೀಲದ ಮೇಲೆ ಅರ್ಧ ತಾಸು.

“ಈ ಗದ್ಲದಾಗ?” ಅಂದೆ.

“ಗದ್ಲ ಇದ್ರ ಚಲೋ ಬರ್ತದ್ರಿ. ಸುಮ್ಮನಾದ್ರ ಎಚ್ಚರ ಆಗ್ತದ, ಏನೋ ಆಗ್ಯಾದ ಅಂತ.”

ಧಣಿ ಇದನ್ನೆಲ್ಲ ಕೇಳುತ್ತ ಉಗುಳು ನುಂಗಿದ್ದನ್ನು ನಾನು ಕಣ್ಣಾರೆ ಕಂಡೆ. ಮರುದಿನದ ಊಟವನ್ನೂ ಬರೆಯಬೇಕಿತ್ತು, ಹೋದೆ. ನೋಡಿದರೆ ಡಬ್ಬಿ ಅದಲುಬದಲಾಗಿವೆ. ಧಣಿಯ ಮುಂದೆ ಹಮಾಲನ ರೊಟ್ಟಿ ಗಂಟು, ಹಮಾಲನ ಮುಂದೆ ಧಣಿಯ ಗಾಜಿನ ಡಬ್ಬಿ.

ಹಮಾಲ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದ. “ಧಣೇರ, ಇದು ಊಟಕ್ಕಿಂತ ಮೊದ್ಲು ತಿನ್ನೋದೋ, ಊಟ ಆದ ಮ್ಯಾಗ ತಿನ್ನೋದೋ?”

“ಅದೇ ಊಟ.”

“ಹಂಗಾದ್ರ ಇವತ್ತ ಚೀಲ ಯಾರು ಹೊರೋರು?”

ಧಣಿಯ ಬಾಯಿ ತುಂಬ ರೊಟ್ಟಿಯಿತ್ತು. ಮೂರು ರೊಟ್ಟಿ ಮುಗಿಸಿ, ಕೈ ತೊಳೆದು, ತೊಗರಿ ಚೀಲದ ಮೇಲೆ ಟವೆಲ್ ಹಾಸಿ ಅಡ್ಡಾದರು. ಹೊರಗೆ ತೊಗರಿ ಹರಾಜು ಕೂಗುತ್ತಿದ್ದಾರೆ, ಲಾರಿ ಹಾರ್ನ್ ಹೊಡೆಯುತ್ತಿದೆ, ಧಣಿಗೆ ಮಾತ್ರ ಕೂಸಿನ ಹಾಗೆ ನಿದ್ದೆ. ಮಾಲು ನೋಡಲು ಇಬ್ಬರು ಬಂದರು. ಗುಮಾಸ್ತ ಅವರನ್ನು ಬಾಗಿಲಲ್ಲೇ ತಡೆದು, ನನ್ನನ್ನು ತೋರಿಸಿ, “ಸದ್ದು ಮಾಡಬ್ಯಾಡ್ರಿ, ಧಣೇರ ಮ್ಯಾಗ ಸಂಶೋಧನೆ ನಡದದ” ಅಂತ ಹಿಂದಕ್ಕೆ ಕಳಿಸಿದ.

ಧಣಿ ಎದ್ದಾಗ ಅವರ ಗಲ್ಲದ ಮೇಲೆ ಚೀಲದ ಗೆರೆ ಮೂಡಿದ್ದವು. ಎಷ್ಟು ಹೊತ್ತಾಯಿತು ಅಂತ ಕೇಳಿದರು. ಎರಡು ತಾಸು ಅಂದೆ. “ಬರೀರಿ, ದೊಡ್ಡ ಅಕ್ಷರದಾಗ ಬರೀರಿ” ಅಂದರು. ಕಣ್ಣಲ್ಲಿ ನೀರಿತ್ತು, ತಮಾಷೆಯಲ್ಲ.

ಮೂರನೇ ದಿನ ಹಮಾಲನ ಮನೆಯಿಂದಲೇ ಎರಡು ಗಂಟು ಬಂದಿದ್ದವು. ಅದರ ಜೊತೆ ಅವನ ಹೆಂಡತಿ ಒಂದು ಮಾತನ್ನೂ ಹೇಳಿ ಕಳಿಸಿದ್ದಳು. “ಧಣೇರಿಗೆ ಬೇಕಾದಷ್ಟು ರೊಟ್ಟಿ ಬಡದು ಕೊಡ್ತೀನಿ. ಆದ್ರ ಗ್ವಾಡಿಗಿ ಕಾಗದ ಹಚ್ಚೋ ಅಂಟು ಡಬ್ಬ್ಯಾಗ ಹಾಕಿ ನನ್ನ ಗಂಡಗ ಉಣಸಬ್ಯಾಡ್ರಿ.”

ಕೆಂಪು ಬಾಳೆಹಣ್ಣಿನ ಬಸ್ಸು

ಕಲಬುರಗಿ ಮುಗಿಸಿ ಕಮಲಾಪುರಕ್ಕೆ ಹೋಗತೊಡಗಿದೆ. ಒಂದು ದಿನ ಅಲ್ಲಿ ಸಂತೆ. ಕೆಂಪು ಬಾಳೆಹಣ್ಣು ಮಾರುವ ಒಬ್ಬ ಹೆಂಗಸಿನ ಫಾರಂ ತುಂಬಿದೆ. ದಿನಾ ಸಂಜೆ ಒಂದು ಹಣ್ಣು ತಿನ್ನುತ್ತಾಳೆ, ಎಂಟು ತಾಸು ಮಲಗುತ್ತಾಳೆ.

“ಹಣ್ಣಿಗೂ ನಿದ್ದಿಗೂ ಸಂಬಂಧ ಅದೇನ್ರಿ ಬಾಯಿ?” ಅಂತ ಅವಳು ಕೇಳಿದಳು. ಓದಿದ ಹೆಂಗಸರನ್ನು ಅಲ್ಲಿ ‘ಬಾಯಿ’ ಅಂತಲೇ ಕರೆಯುತ್ತಾರೆ.

“ಅದನ್ನೇ ನೋಡ್ಲಕತ್ತೀವಿ,” ಅಂದೆ. ಆ ಮಾತು ಆಡಬಾರದಿತ್ತು.

ಇನ್ನೊಂದು ಓಣಿ ಸುತ್ತಿ ಬರುವಷ್ಟರಲ್ಲಿ ಅವಳ ಬುಟ್ಟಿಯ ಸುತ್ತ ಜನವೋ ಜನ. “ಡಾಕ್ಟರ್ ಬಾಯಿ ಬಂದು ಬರ್ಕೊಂಡು ಹೋಗ್ಯಾಳ! ಒಂದು ಹಣ್ಣಿಗೆ ಎಂಟು ತಾಸು ನಿದ್ದಿ!” ನಾನು ನುಗ್ಗಿ ಮುಂದೆ ಹೋಗಿ, “ಯವ್ವಾ, ನಾ ಡಾಕ್ಟರ್ ಅಲ್ಲ, ನಾ ಹಂಗ ಹೇಳೂ ಇಲ್ಲ” ಅಂದೆ.

“ನೀ ಬರ್ಕೊಂಡಿ ಇಲ್ಲೋ?”

“ಬರ್ಕೊಂಡೀನಿ, ಆದ್ರ…”

“ನೋಡ್ರಿ, ಬಾಯಿನೇ ಒಪ್ಕೊಂಡ್ಳು!” ಉಳಿದ ಹಣ್ಣೂ ಖಾಲಿಯಾದವು.

ಸಂಜೆ ಕಲಬುರಗಿ ಬಸ್ ಹತ್ತಿದೆ. ಬಸ್ಸಿನಲ್ಲಿ ಅರ್ಧ ಜನರ ಚೀಲದಲ್ಲಿ ಕೆಂಪು ಬಾಳೆಹಣ್ಣು. ಡ್ರೈವರ್ ಬಂದು ಕೂತರು, ಜೇಬಿನಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು, ಸಿಪ್ಪೆ ಸುಲಿದು, ಆರಾಮಾಗಿ ತಿಂದರು. ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೂ ಜನ ಕತ್ತು ಚಾಚಿ ನೋಡಿದರು.

ವಯಸ್ಸಾದ ಮುತ್ಯಾ ಒಬ್ಬ ಎದ್ದು ಕೇಳಿದ, “ಡ್ರೈವರ್ ಸಾಹೇಬ್ರ, ಪೂರ್ತಿ ತಿಂದ್ರ್ಯಾ?”

“ಹೂಂ, ಯಾಕ್ರಿ?”

“ಏನಿಲ್ಲ. ಅರ್ಧ ತಿಂದಿದ್ರ ನಾಲ್ಕೇ ತಾಸು ಆಗ್ತಿತ್ತು.”

ಬಸ್ ಹೊರಟಿತು. ಡ್ರೈವರ್ ಕಣ್ಣು ಮುಚ್ಚಬಾರದಲ್ಲ, ಜನ ಪಾಳಿ ಹಚ್ಚಿಕೊಂಡು ಮಾತಾಡಿಸತೊಡಗಿದರು. ಎಷ್ಟು ಮಕ್ಕಳು, ದೊಡ್ಡ ಮಗಳಿಗೆ ಎಲ್ಲಿ ಕೊಟ್ಟೀರಿ, ಅಳಿಯ ಹ್ಯಾಂಗದಾನ, ಮೊಣಕಾಲು ನೋಯ್ತದೇನು. ಒಬ್ಬಾಕೆ ಮಿರ್ಚಿ ಭಜಿ ಕೊಟ್ಟಳು, ಖಾರಕ್ಕಾದರೂ ಎಚ್ಚರ ಇರಲಿ ಅಂತ. ಭಜನೆ ಮೇಳದ ಇಬ್ಬರು ತಾಳ ತೆಗೆದರು. ಸತ್ಯ ಗೊತ್ತಿದ್ದವಳು ನಾನೊಬ್ಬಳೇ, ಚೀಲ ಕಾಲಡಿ ಸರಿಸಿ ಮುಖಕ್ಕೆ ಸೆರಗು ಎಳೆದುಕೊಂಡು ಕೂತಿದ್ದೆ.

ಕಲಬುರಗಿಯಲ್ಲಿ ಇಳಿಯುವಾಗ ಡ್ರೈವರ್ ಕರ್ಚೀಪಿನಿಂದ ಕಣ್ಣು ಒರೆಸಿಕೊಳ್ಳುತ್ತ ಕಂಡಕ್ಟರಿಗೆ ಹೇಳುತ್ತಿದ್ದರು, “ಹದಿನೆಂಟು ವರ್ಷ ಆತು ನೌಕರಿಗೆ ಹತ್ತಿ. ಪ್ಯಾಸೆಂಜರ್ ಮಂದಿ ಇಷ್ಟು ಒಳ್ಳೇವರು ಅಂತ ನನಗ ಗೊತ್ತೇ ಇದ್ದಿಲ್ಲ ನೋಡಪ್ಪ.”

ಐದು ಗಂಟೆಯ ಚಹಾ

ಕಮಲಾಪುರದ ಒಂದು ಮನೆ ಮಾತ್ರ ನನಗೆ ಮರೆಯುವುದಿಲ್ಲ. ಆ ಮನೆಯಲ್ಲಿ ದೊಡ್ಡವರು ನಾಲ್ಕು ಮಂದಿ: ಮಾವ, ಅತ್ತೆ, ಮಗ, ಸೊಸೆ. ಮಾವನಿಗೆ ಹೊಲಮನೆ, ಮಗನಿಗೆ ತಾಲೂಕು ಕಚೇರಿಯಲ್ಲಿ ನೌಕರಿ. ಗಂಡಸರ ಫಾರಂ ಬೇಗ ಮುಗಿದವು. ಮಾವನಿಗೆ ಮುಂಜಾನೆ ಐದಕ್ಕೆ ಹಾಸಿಗೆಯಲ್ಲೇ ಚಹಾ ಬೇಕು. ಮಗ ಊಟಕ್ಕೆ ಬರುವುದು ರಾತ್ರಿ ಹತ್ತರ ಮೇಲೆ.

ಕೊನೆಗೆ ಸೊಸೆಯನ್ನು ಹಿತ್ತಲಿನ ಕಟ್ಟೆಯ ಮೇಲೆ ಕೂಡಿಸಿಕೊಂಡೆ. ಮೂವತ್ತರ ಹುಡುಗಿ. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

“ನಿನ್ನೆ ರಾತ್ರಿ ಏನ್ ಉಂಡಿ ತಂಗಿ?”

“ಎಲ್ರೂ ಉಂಡ ಮ್ಯಾಗ ಉಳದಿದ್ದು, ಅಕ್ಕಾ.”

“ಎಷ್ಟು ತಾಸು ಮಕ್ಕೊಂಡಿ?”

ಅವಳು ಸ್ವಲ್ಪ ಯೋಚಿಸಿ ಅಂದಳು, “ಅದೂ ಹಂಗೇ ಅಕ್ಕಾ. ಉಳದಿದ್ದು.”

ಅವಳು ದುಃಖದಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಎಣಿಸಿ ನೋಡಿದರೆ ನಾಲ್ಕೂವರೆ ತಾಸು. ನನಗೆ ಬುದ್ಧಿ ಹೇಳುವ ಅಧಿಕಾರವಿಲ್ಲ. ಬರೆದುಕೊಂಡು ಎದ್ದೆ. ಬಾಗಿಲ ಹತ್ತಿರ ಅತ್ತೆ ನನ್ನನ್ನು ನಿಲ್ಲಿಸಿದಳು.

“ಸೊಸಿ ಏನ್ ಬರಸ್ಯಾಳ?”

“ಒಬ್ಬರದು ಒಬ್ಬರಿಗೆ ಹೇಳೋ ಹಂಗಿಲ್ರಿ ಆಯಿ.”

“ಹೇಳಬ್ಯಾಡ. ನನಗ ಗೊತ್ತದ.” ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಆಕಿ ವಯಸ್ಸಿನಾಗ ನನಗ ಯಾರೂ ಕೇಳ್ಲಿಕ್ಕೆ ಬರ್ಲಿಲ್ಲ ನೋಡು.” ಅಷ್ಟೇ ಅಂದು ಒಳಗೆ ಹೋದಳು. ಸೊಸೆಗೆ ಕಷ್ಟವಾಗುತ್ತದೋ ಏನೋ ಅಂತ ನನಗೆ ಭಯವಾಯಿತು. ದಾರಿಯುದ್ದಕ್ಕೂ ಅದೇ ಯೋಚನೆ.

ಎರಡು ತಿಂಗಳ ಮೇಲೆ ಅದೇ ಮನೆಗಳಿಗೆ ಎರಡನೇ ಸಲ ಹೋಗಬೇಕಿತ್ತು. ಹೆದರುತ್ತಲೇ ಹೋದೆ. ಸೊಸೆ ಓಡಿ ಬಂದು ಚಾಪೆ ಹಾಸಿದಳು. ಮುಖ ನೋಡಿದೊಡನೆ ಅರ್ಧ ಉತ್ತರ ಸಿಕ್ಕಿತು.

ನಾನು ಹೋದ ಮರುದಿನವೇ ಅತ್ತೆ ಎರಡು ಹುಕುಂ ಹೊರಡಿಸಿದ್ದಳಂತೆ. ಒಂದು, ರಾತ್ರಿ ಎಂಟಕ್ಕೆ ನಾಲ್ಕೂ ಮಂದಿ ಕೂಡಿ ಉಣ್ಣಬೇಕು, ತಡವಾಗಿ ಬಂದವರು ತಾವೇ ಬಡಿಸಿಕೊಳ್ಳಬೇಕು. ಎರಡು, ಐದು ಗಂಟೆಯ ಚಹಾ ಯಾರಿಗೆ ಬೇಕೋ ಅವರೇ ಮಾಡಿಕೊಳ್ಳಬೇಕು. ಮೊದಲನೇ ದಿನ ಮಾವ ಅಡುಗೆಮನೆಯಿಂದ ಚಾಪುಡಿ ಎಲ್ಲದ, ಸೋಸೋ ಜಾಳಿಗಿ ಎಲ್ಲದ ಅಂತ ಕೂಗಿದ್ದೇ ಕೂಗಿದ್ದು. ಸೊಸೆ ಏಳಲು ಹೋದರೆ ಅತ್ತೆ ಮಲಗಿದಲ್ಲಿಂದಲೇ, “ಮಕ್ಕೋ ನೀ. ಹುಡುಕ್ಲಿ. ಅವರದೇ ಮನಿ ಅಲ್ಲ” ಅಂದಳಂತೆ. ಎರಡನೇ ದಿನದಿಂದ ಕೂಗು ನಿಂತಿತು.

“ಈಗ ಎಷ್ಟು ತಾಸು?” ಅಂದೆ.

“ಏಳು ತಾಸು ಅಕ್ಕಾ.” ಆಮೇಲೆ ಗಾಬರಿಯಿಂದ, “ಭಾಳ ಆತೇನ್ರಿ?” ಅಂತ ಕೇಳಿದಳು.

ಮಾವನ ಪಾಳಿ ಬಂತು. ಎದೆ ಸೆಟೆಸಿ ಕೂತರು. “ಮುಂಜಾನಿ ಚಾ. ನಾನೇ ಮಾಡಿದ್ದು. ಬರ್ಕೋ, ನಾನೇ ಮಾಡಿದ್ದು.”

“ಸಕ್ರಿ ಎಷ್ಟು ಚಮಚ ಹಾಕ್ತೀರಿ?”

ಒಳಗಿನಿಂದ ಅತ್ತೆ ಸೊಸೆ ಇಬ್ಬರೂ ಕೂಡಿ ನಗುವುದು ಕೇಳಿಸಿತು. ಸಣ್ಣ ನಗುವಲ್ಲ, ಗೋಡೆ ಹಿಡಿದುಕೊಂಡು ನಗುವ ನಗು. ಮಾವ ಬೇರೆ ಕಡೆ ನೋಡತೊಡಗಿದರು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದು ಹೇಳಿದಳು. ಹನ್ನೆರಡು ದಿನ ಮಾವ ತಾವೇ ಚಹಾ ಮಾಡಿ, ತಾವೇ ಕುಡಿದು, ಏನೂ ಮಾತಾಡದೆ ಹೊಲಕ್ಕೆ ಹೋಗಿದ್ದಾರೆ. ಕಲಿತರು ಅಂತ ಮನೆಯವರೆಲ್ಲ ತಿಳಿದಿದ್ದಾರೆ. ಹದಿಮೂರನೇ ದಿನ ಬೀಗರು ಬಂದರು. “ಕೂಡ್ರಿ, ನನ್ನ ಕೈ ಚಾ ಕುಡೀರಿ” ಅಂತ ಹೆಮ್ಮೆಯಿಂದ ಮಾಡಿ ಕೊಟ್ಟರು. ಬೀಗರು ಒಂದು ಗುಟುಕು ಕುಡಿದವರೇ ಅಂಗಳಕ್ಕೆ ಓಡಿದರು. ಹೋಗಿ ನೋಡಿದರೆ ಮಾವ ದಿನಾ ಚಮಚ ಅದ್ದುತ್ತಿದ್ದದ್ದು ಉಪ್ಪಿನ ಡಬ್ಬಿಗೆ.

ನನಗೆ ನಂಬಲಾಗಲಿಲ್ಲ. “ಹನ್ನೆರಡು ದಿನ ಉಪ್ಪಿನ ಚಾ ಹ್ಯಾಂಗ ಕುಡಿದ್ರಿ ಕಾಕಾ? ಒಂದು ಮಾತು ಕೇಳಬಾರದಾ?”

ಮಾವ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಬಹಳ ಗಂಭೀರವಾಗಿ ಅಂದರು:

“ನನಗೇನ್ ಗೊತ್ತವ್ವಾ? ಗಂಡಸರು ಮಾಡಿದ್ರ ಚಾ ಹಿಂಗೇ ಆಗ್ತದ ಅಂತ ತಿಳ್ಕೊಂಡಿದ್ದೆ.”